ಟವೆಲ್ಲಿನ ಕೆಳಗಿನ ಕೈ

ಭಾಲ್ಕಿಯ ದನದ ಬಜಾರಿನಲ್ಲಿ ಮಚ್ಛೇಂದ್ರನಿಗಿಂತ ಅವನ ಟವೆಲ್ಲಿಗೇ ಹೆಚ್ಚು ಹೆಸರು. ಒಂದು ಕಾಲದಲ್ಲಿ ಅದು ಬಿಳಿಯದಾಗಿತ್ತು ಎಂದು ಅವನು ಹೇಳುತ್ತಿದ್ದ. ಆ ಕಾಲವನ್ನು ಕಂಡವರು ಯಾರೂ ಇಲ್ಲ. ಔರಾದ ಕಡೆಯ ತನ್ನ ಹಳ್ಳಿಯಿಂದ ಸಂತೆಯ ದಿನ ಮೊದಲ ಬಸ್ಸಿಗೆ ಬಂದು, ಬೇವಿನ ಮರದ ಕೆಳಗೆ ನಿಂತು, ಆ ಟವೆಲ್ಲನ್ನು ಹೆಗಲಿನಿಂದ ಬಲ ಮುಂಗೈ ಮೇಲೆ ಇಳಿಸಿಕೊಂಡನೆಂದರೆ ಅವನ ಅಂಗಡಿ ತೆರೆಯಿತು ಎಂದು ಲೆಕ್ಕ. ಅವನು ದನದ ದಲ್ಲಾಳಿ. ಮಾರುವವನ ಕೈ ಟವೆಲ್ಲಿನ ಕೆಳಗೆ ಬರುತ್ತದೆ, ಮಚ್ಛೇಂದ್ರ ಅದನ್ನು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಒತ್ತಿದರೆ ಐದು. ಐದರ ಮೇಲಿನದಕ್ಕೆ ಇಡೀ ಕೈ ಒತ್ತಿ ಮತ್ತೆ ಬೆರಳು ಹಿಡಿಯಬೇಕು. ಅದು ಸಾವಿರವೋ ಹತ್ತು ಸಾವಿರವೋ ಎಂಬುದು ಎದುರಿಗೆ ನಿಂತ ಎತ್ತನ್ನು ನೋಡಿದರೆ ತಿಳಿಯುತ್ತದೆ. ಬಾಯಿ ಮಾತ್ರ ಮಳೆಯ ಸುದ್ದಿ, ಮದುವೆಯ ಸುದ್ದಿ ಆಡುತ್ತಿರುತ್ತದೆ. ಸುತ್ತ ನಿಂತು ಇಣುಕುವವರಿಗೆ ಏನು ನಡೆಯಿತೆಂಬುದೇ ಗೊತ್ತಾಗುವುದಿಲ್ಲ.

ಆ ಟವೆಲ್ಲಿಗೆ ಎರಡು ಕಾನೂನು. ಮೊದಲು ಹೇಳಿದ ರೇಟು ಎಂದೂ ಖರೆಯದಲ್ಲ, ಅದನ್ನು ನಂಬುವವನು ಬಜಾರಿಗೆ ಬರಬಾರದು. ಇನ್ನೊಂದು, ಕೆಳಗೆ ಕುದುರಿದ ಅಂಕಿ ಮೇಲೆ ಬರಬಾರದು. ಯಾರು ಕೇಳಿದರೂ ಹೇಳಬಾರದು. ಮಚ್ಛೇಂದ್ರ ಇದನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸಿದನೆಂದರೆ, ಹೆಂಡತಿ ಕೌಸಲ್ಯಾಬಾಯಿ ಕೈಯಾರೆ ಹಾಲು ಕುಡಿಸಿ ಬೆಳೆಸಿದ ದೇವಣಿ ತಳಿಯ ಹೋರಿಯನ್ನು ಮಾರಿ ಬಂದ ದಿನವೂ ಎಷ್ಟಕ್ಕೆ ಹೋಯಿತೆಂದು ಅವಳಿಗೆ ಹೇಳಲಿಲ್ಲ.

"ನಾ ಏನ್ ಡಂಗುರ ಹೊಡೀತೀನೇನ್ರಿ?" ಎಂದು ಅವಳು ಕೇಳಿದಳು.

"ಧಂದಾದ ಮಾತದ. ನಿನಗ ಯಾಕ ಬೇಕು?"

ಎರಡು ದಿನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಮಚ್ಛೇಂದ್ರ ಸಪ್ಪನೆಯ ಚಹಾ ಕುಡಿದನೇ ಹೊರತು ಅಂಕಿ ಬಿಡಲಿಲ್ಲ. ಮೂರನೆಯ ದಿನ ಅವಳನ್ನು ಸಮಾಧಾನ ಮಾಡಲು ಕಸುಬಿನ ಒಂದು ಗುಟ್ಟನ್ನು ಮಾತ್ರ ಬಿಟ್ಟುಕೊಟ್ಟ. "ಸುಳ್ಳ ರೇಟ್ ಹೇಳೋನ ಬೆರಳು ನೋಡಬಾರದು. ಹೆಬ್ಬೆರಳಿನ ಬುಡ ಹಿಡೀಬೇಕು. ಸುಳ್ಳಿದ್ರ ಅಲ್ಲಿ ಗಟ್ಟಿ ಆಗ್ತದ" ಎಂದ. ಕೌಸಲ್ಯಾಬಾಯಿ "ಹೌದೇನ್ರಿ" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಆಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಎರಡು ಸಾವಿರದ ಹದಿನಾರರ ಬೇಸಿಗೆಯ ಹೊತ್ತಿಗೆ ಊರಿನ ಅರ್ಧ ಮನೆಗಳಿಗೆ ಕೀಲಿ ಬಿದ್ದಿತ್ತು. ಕೆಲವರು ಹೈದರಾಬಾದಿಗೆ ಇಟ್ಟಿಗೆ ಹೊರಲು ಹೋದರು, ಕೆಲವರು ಪುಣೆಗೆ. ಹೋಗುವ ಮುಂಚೆ ಎಲ್ಲರೂ ದನ ಹೊಡೆದುಕೊಂಡು ಭಾಲ್ಕಿಗೆ ಬಂದರು. ಮಾರುವ ಕೈಗಳು ಸಾಲುಗಟ್ಟಿದವು, ಕೊಳ್ಳುವ ಕೈ ಒಂದೂ ಇಲ್ಲ. ಟವೆಲ್ಲಿನ ಕೆಳಗೆ ಬಂದ ಕೈಗಳು ಚೌಕಾಶಿ ಮಾಡುವುದನ್ನೇ ಬಿಟ್ಟು ಸುಮ್ಮನೆ ಹಿಡಿದುಕೊಂಡು ನಿಲ್ಲತೊಡಗಿದವು. ಒಬ್ಬ ಮುದುಕ ಯಾವ ಬೆರಳನ್ನೂ ಹಿಡಿಯದೆ "ನೀನೇ ಹೇಳಪ್ಪ" ಎಂದಾಗ ಮಚ್ಛೇಂದ್ರನಿಗೆ ಬಹಳ ಕೆಟ್ಟದೆನಿಸಿತು. ಅದೇ ದಿನ ಮಧ್ಯಾಹ್ನ, ಒಣಗಿದ ಬೇವಿನ ಮರದ ನೆರಳಿಲ್ಲದ ನೆರಳಿನಲ್ಲಿ, ಅವನು ಕಣ್ಣು ಕತ್ತಲೆ ಬಂದು ಬಿದ್ದ.

ಅವನನ್ನು ಎತ್ತಿ ಆಟೋಕ್ಕೆ ಹಾಕಿದವನು ಸಲಾವೋದ್ದೀನ. ಅವನೂ ದಲ್ಲಾಳಿ, ಪಕ್ಕದ ಮರದವನು. ಇಪ್ಪತ್ತು ವರ್ಷದಿಂದ ಇಬ್ಬರೂ ಒಬ್ಬರ ಗಿರಾಕಿಯನ್ನು ಒಬ್ಬರು ಕಸಿದುಕೊಂಡು ಒಂದೇ ಡಬ್ಬಿಯ ಊಟ ಮಾಡುತ್ತಿದ್ದರು. ಬಿಸಿಲು ಬಡಿದಿದೆ ಎಂದೇ ಎಲ್ಲರೂ ತಿಳಿದರು. ಬಿಸಿಲು ಬಡಿದದ್ದೂ ಹೌದು. ಆದರೆ ಬೀದರಿನ ದವಾಖಾನೆಯಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದವರು ಲಿವರಿನ ಬಲಭಾಗದಲ್ಲಿ ಗಜ್ಜುಗದ ಕಾಯಿಗಿಂತ ದೊಡ್ಡದೊಂದು ಗಂಟು ನೋಡಿದರು. ಮತ್ತೆರಡು ಪರೀಕ್ಷೆ ಆದಮೇಲೆ ಕ್ಯಾನ್ಸರ್ ಎಂದರು.

ಲಿವರ್ ಕೆಟ್ಟಿದೆ ಎಂಬ ಸುದ್ದಿ ಅವನಿಗಿಂತ ಮೊದಲು ಊರು ತಲುಪಿತು. ಮಚ್ಛೇಂದ್ರ ಹೆಂಡ ಮುಟ್ಟಿದವನಲ್ಲ, ಸೋಡಾ ಕುಡಿದರೂ ತೇಗುತ್ತಾನೆ. ಆದರೆ ಲಿವರ್ ಎಂದರೆ ಕುಡಿತ ಎಂಬುದು ಊರಿಗೆ ಗೊತ್ತಿದ್ದ ಒಂದೇ ವೈದ್ಯಶಾಸ್ತ್ರ. ಇಷ್ಟು ವರ್ಷ ಯಾರಿಗೂ ಸುಳಿವು ಕೊಡದೆ ಕುಡಿದನಲ್ಲ ಎಂದು ಕೆಲವರಿಗೆ ಅವನ ಮೇಲೆ ಗೌರವವೂ ಬಂತು. ಸಲಾವೋದ್ದೀನ ಮಾತ್ರ ಮನಸ್ಸಿಗೆ ಹಚ್ಚಿಕೊಂಡ. "ಅಲ್ಲೋ ಯಾರ್, ನನಗರ ಒಂದ್ ಮಾತ ಹೇಳಬಾರದಾ?" ಎಂದು ಮುಖ ಸಣ್ಣ ಮಾಡಿದ. ರಕ್ತದಲ್ಲಿ ಕಾಮಾಲೆಯ ಯಾವುದೋ ಹುಳ ವರ್ಷಗಟ್ಟಲೆ ಕದ್ದು ಕೂತಿತ್ತಂತೆ, ಅದೇ ಈ ಕೆಲಸ ಮಾಡಿದ್ದಂತೆ ಎಂದು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಕೌಸಲ್ಯಾಬಾಯಿ ನಂಬಿದಳು. ಆದರೂ ಒಂದೆರಡು ಸಲ ಹತ್ತಿರ ಬಂದು ಮೂಗು ಎಳೆದು ನೋಡಿದಳು.

ಬೀದರಿನ ಕಾಳುಕಡಿಯ ಪೇಟೆ ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ ಒಂದು ಖಾಸಗಿ ಕ್ಲಿನಿಕ್ಕು. ಅಲ್ಲಿಗೆ ತಿಂಗಳಿಗೊಮ್ಮೆ ಹೈದರಾಬಾದಿನಿಂದ ಲಿವರ್ ಆಪರೇಷನ್ ಮಾಡುವ ಡಾಕ್ಟರರು ಬಂದು ಕೂರುತ್ತಿದ್ದರು. ಹೆಸರು ವೈಜಿನಾಥ, ಭಾಲ್ಕಿಯ ಸಾಲಿ ಮಾಸ್ತರರ ಮಗ, ಇನ್ನೂ ನಲವತ್ತು ದಾಟದವರು. ಮಚ್ಛೇಂದ್ರನ ಮಗ ಏಕನಾಥ ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಕಂಪನಿಯ ವಿಮೆಯಲ್ಲಿ ತಂದೆ ತಾಯಿಯ ಹೆಸರೂ ಇತ್ತು, ಹಾಗಾಗಿ ಖರ್ಚಿನ ಚಿಂತೆ ಆ ಮನೆಗೆ ಅಷ್ಟಾಗಿ ಬರಲಿಲ್ಲ. ಚಿಂತೆ ಬೇರೆ ಕಡೆಯಿಂದ ಬಂತು.

"ಗಂಟು ಒಂದೇ ಅದ, ತೆಗೀಬಹುದು ಕಾಕಾ" ಎಂದರು ಡಾಕ್ಟರ್, ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು. "ಆದ್ರ ತಡ ಮಾಡಬಾರದು. ಇಲ್ಲೊಂದು ದೊಡ್ಡ ರಕ್ತನಾಳ ಅದ. ಗಂಟು ಬೆಳೆದು ಅದಕ್ಕ ಹತ್ತಿದ್ರ ಆಮ್ಯಾಲ ತೆಗ್ಯಾಕ ಬರಂಗಿಲ್ಲ."

"ಲಿವರ್ ಕೊಯ್ದ ಮ್ಯಾಲ ಮನಷ್ಯಾ ಹ್ಯಾಂಗ ಬದಕ್ತಾನ್ರಿ?"

"ಉಳಿದದ್ದು ಮತ್ತ ಬೆಳೀತದ. ಕೆಲವು ತಿಂಗಳಿನಾಗ ಹೆಚ್ಚುಕಮ್ಮಿ ಮೊದಲಿನಷ್ಟೇ ಆಗ್ತದ."

"ಹಂಗಾದ್ರ ಈ ವರ್ಷ ನಮ್ ತಾಲೂಕಿನಾಗ ಬೆಳ್ಯೋದು ಅದೊಂದೇ ನೋಡ್ರಿ" ಎಂದ ಮಚ್ಛೇಂದ್ರ. ಅವನು ನಗಲಿಲ್ಲ, ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಆಮೇಲೆ ಡಾಕ್ಟರರು ರೋಬೋ ವಿಷಯ ತೆಗೆದರು. ಹೊಟ್ಟೆಯನ್ನು ಉದ್ದಕ್ಕೆ ಸೀಳುವುದಿಲ್ಲ, ನಾಲ್ಕೈದು ಸಣ್ಣ ತೂತು ಹಾಕುತ್ತೇವೆ. ಅದರೊಳಗೆ ರೋಬೋದ ತೆಳ್ಳನೆಯ ತೋಳುಗಳು ಹೋಗುತ್ತವೆ. ನಾನು ಅದೇ ಕೋಣೆಯ ಮೂಲೆಯಲ್ಲಿ ಒಂದು ಯಂತ್ರದ ಮುಂದೆ ಕೂತು, ಒಳಗಿನದನ್ನು ದೊಡ್ಡದಾಗಿ ನೋಡುತ್ತ, ಕೈ ಆಡಿಸುತ್ತೇನೆ. ನನ್ನ ಕೈ ಆಡಿದ ಹಾಗೆ ಅಲ್ಲಿ ಅದರ ತೋಳು ಆಡುತ್ತದೆ. ಹೀಗೆ ಅವರು ಸಮಾಧಾನದಿಂದ ವಿವರಿಸಿದರು. ಏಕನಾಥ ತಲೆಯಾಡಿಸಿದ. ಕೌಸಲ್ಯಾಬಾಯಿ ಸೆರಗು ಹಿಡಿದುಕೊಂಡು ಗಂಡನ ಮುಖ ನೋಡಿದಳು.

ಮಚ್ಛೇಂದ್ರ ಕೇಳಿದ್ದು ಒಂದೇ ಮಾತು. "ಅಂದ್ರ ನನ್ನ ಹೊಟ್ಟ್ಯಾಗ ಯಾರ ಕೈ ಇರ್ತದ್ರಿ?"

"ಯಾರ ಕೈನೂ ಇರಂಗಿಲ್ಲ ಕಾಕಾ. ಅದೇ ಅದರ ಛಲೋ ಗುಣ."

ಅಲ್ಲಿಗೆ ಮುಗಿಯಿತು. ಡಾಕ್ಟರರು ಇನ್ನೂ ಹೇಳುತ್ತಿದ್ದರು: ಆಪರೇಷನ್ನಿನಲ್ಲೇ ಕಳೆದುಹೋಗುವವರು ನೂರಕ್ಕೆ ಇಬ್ಬರೋ ಮೂವರೋ, ರೋಗ ಐದು ವರ್ಷದೊಳಗೆ ಮರಳಿ ಬರುವುದು ಸುಮಾರು ಅರ್ಧ ಜನಕ್ಕೆ. ಬಾಯಿಬಿಟ್ಟು, ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಎದುರಿಗೆ ಹೇಳಿದ ಅಂಕಿ. ಮಚ್ಛೇಂದ್ರ ಅದನ್ನು ತನ್ನ ಕಸುಬಿನ ಪ್ರಕಾರವೇ ತೂಗಿದ. ಇದು ಮಾರುವವನ ಮೊದಲ ರೇಟು. ಮಾರುವವನು ಅರ್ಧ ಜನಕ್ಕೆ ರೋಗ ಮರಳುವುದಿಲ್ಲ ಎಂದರೆ ಖರೆ ಮಾತು ಹತ್ತಕ್ಕೆ ಎರಡು. ನೂರಕ್ಕೆ ಇಬ್ಬರು ಸಾಯುತ್ತಾರೆ ಎಂದರೆ ಇಪ್ಪತ್ತು. ಅದರ ಮೇಲೆ ಕೈಯಿಲ್ಲದ ವ್ಯವಹಾರ. "ಮುಂದಿನ ತಿಂಗಳ ಹೇಳ್ತೇನ್ರಿ" ಎಂದು ಎದ್ದು ಬಂದ. ರೋಬೋದ ಮಾತು ಮುಗಿಯುತ್ತಲೇ ಕೌಸಲ್ಯಾಬಾಯಿ ಕುಡಿಯುವ ನೀರು ತರಲು ಹೊರಗೆ ಹೋಗಿದ್ದಳು. ಅಂಕಿಯ ಮಾತು ಅವಳ ಕಿವಿಗೆ ಬೀಳಲಿಲ್ಲ.

"ಏನಂದ್ರು?" ಎಂದು ಅವಳು ಬಸ್ಸಿನಲ್ಲಿ ಕೇಳಿದಳು.

"ನೋಡೂಣು ಅಂದ್ರು."

"ನೋಡೂಣು ಅಂತ ಅವರಂದ್ರಾ, ನೀವಂದ್ರಾ?"

ಅವನು ಕಿಟಕಿಯ ಆಚೆ ನೋಡಿದ. ಆಚೆ ನೋಡುವಂಥದ್ದು ಏನೂ ಇರಲಿಲ್ಲ. ಔರಾದವರೆಗೂ ಕರಿನೆಲ ಬಿರುಕು ಬಿಟ್ಟು ಮಲಗಿತ್ತು. ಏಕನಾಥನನ್ನು ಕೇಳಿದರೆ "ಅಪ್ಪಾ ಹೇಳಬ್ಯಾಡ ಅಂದಾನ" ಎಂದುಬಿಟ್ಟ. ಕೌಸಲ್ಯಾಬಾಯಿಗೆ ಸಿಟ್ಟು ನೆತ್ತಿಗೇರಿತು. ಗಂಡ ಸಾಯುತ್ತಾನೋ ಬದುಕುತ್ತಾನೋ ಎಂಬುದು ಹೋರಿಯ ರೇಟಿನಂತೆ ಮುಚ್ಚಿಡುವ ಮಾತೇ? ಈ ಸಲ ಅವಳು ಚಹಾದ ಸಕ್ಕರೆಗೆ ಕೈ ಹಚ್ಚಲಿಲ್ಲ. ಮಾತು ಬಿಟ್ಟಳು. ಸಕ್ಕರೆ ಹಾಕಿದ ಚಹಾ ಮಾತಿಲ್ಲದೆ ಎದುರಿಗೆ ಬಂದು ಕೂತಾಗ ಮಚ್ಛೇಂದ್ರನಿಗೆ ಮೊದಲ ಬಾರಿ ಹೆದರಿಕೆಯಾಯಿತು.

ಸಲಾವೋದ್ದೀನ ನೋಡಲು ಬಂದ. ಕುಡಿತದ ವಿಷಯ ಕ್ಷಮಿಸಿದವನಂತೆ ಹಾಸಿಗೆಯ ಪಕ್ಕ ಕೂತು ರೋಬೋದ ಕತೆಯನ್ನು ಪೂರ್ತಿ ಕೇಳಿದ.

"ಅಂದ್ರ ಡಾಕ್ಟರ್ ಈ ಕಡೆ, ನಿನ್ನ ಲಿವರ್ ಆ ಕಡೆ, ನಡುವ ಅದು?"

"ಹೂಂ."

"ತಾನಾಗಿ ಏನೂ ಮಾಡಂಗಿಲ್ಲ, ಈ ಕಡಿದು ಆ ಕಡಿ ಮುಟ್ಟಸ್ತದ?"

"ಹೂಂ."

"ಹಂಗಾದ್ರ ಅದು ದಲಾಲ್ ಅಲ್ಲೇನೋ! ನಮ್ಮ ಜಾತೀದೇ. ಯಾಕ ಹೆದರ್ತಿ?"

"ದಲಾಲ್ ಅಂತನೇ ಹೆದರ್ಲಕತ್ತೀನಿ" ಎಂದ ಮಚ್ಛೇಂದ್ರ.

ಸಲಾವೋದ್ದೀನ ಗಡ್ಡ ಕೆರೆದುಕೊಂಡು ಎದ್ದು, ಹೋಗುವಾಗ ಬಾಗಿಲಲ್ಲಿ ನಿಂತ. "ದಲಾಲ್ ಬಿಡು. ಮಾಲಕ್‌ನ, ಆ ಡಾಕ್ಟರನ ಕೈ ಹಿಡದು ನೋಡಿದೇನು? ಎತ್ತ ನೋಡೇ ರೇಟ್ ಕಟ್ಟಿದಿ, ಕೈ ಹಿಡೀಲಾರದ?" ಎಂದ. ಆ ಮಾತು ಮಚ್ಛೇಂದ್ರನಿಗೆ ನಾಟಿತು. ಕಸುಬಿನಲ್ಲಿ ಅಂಥ ತಪ್ಪು ಅವನು ಎಂದೂ ಮಾಡಿದವನಲ್ಲ. ತನ್ನದೇ ಜೀವದ ವ್ಯವಹಾರದಲ್ಲಿ ಮಾಡಿ ಬಂದಿದ್ದ.

ಮುಂದಿನ ತಿಂಗಳು ಅದೇ ಕ್ಲಿನಿಕ್ಕು. ಹೆಂಡತಿಯನ್ನೂ ಮಗನನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಬ್ಬನೇ ಒಳಗೆ ಹೋದ. ಕುರ್ಚಿ ಎಳೆದುಕೊಂಡು ಕೂತು, ಟವೆಲ್ಲನ್ನು ಮೇಜಿನ ಮೇಲೆ ಹಾಸಿ, ತನ್ನ ಕೈಯನ್ನು ಅದರ ಕೆಳಗಿಟ್ಟ.

"ಕೈ ಕೊಡ್ರಿ ಡಾಕ್ಟರ್ ಸಾಬ್."

"ಯಾಕ ಕಾಕಾ?"

"ಬಾಯಿಲಿ ಹೇಳಿದ್ದು ನನಗ ತಿಳ್ಯಂಗಿಲ್ಲ."

ಡಾಕ್ಟರ್ ವೈಜಿನಾಥ ಭಾಲ್ಕಿಯಲ್ಲಿ ಹುಟ್ಟಿದವರು, ಸಾಲಿಗೆ ಹೋಗುವ ದಾರಿಯಲ್ಲಿ ದನದ ಬಜಾರು ನೋಡಿದವರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಅವರು ಟವೆಲ್ಲನ್ನು ಒಮ್ಮೆ, ಅದರ ಬಣ್ಣವನ್ನು ಇನ್ನೊಮ್ಮೆ ನೋಡಿ, ಕೈ ಕೆಳಗಿಟ್ಟರು. ಆಮೇಲೆ ತೊಳೆದುಕೊಂಡರಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡಿರಬೇಕು. ಮಚ್ಛೇಂದ್ರ ಬೆರಳಿನ ಲೆಕ್ಕ ಹೇಳಿಕೊಟ್ಟ. ಕೈ ತಣ್ಣಗಿತ್ತು, ಹತ್ತಿಯಂತೆ ಮೆತ್ತಗಿತ್ತು. ನೊಗ ಹಿಡಿಯದ ಕೈ. ಆದರೆ ಅದು ಸುಮ್ಮನಿತ್ತು. ಟವೆಲ್ಲಿನ ಕೆಳಗೆ ಬಂದು ಅಷ್ಟು ಸುಮ್ಮನೆ ಕೂತ ಕೈಯನ್ನು ಅವನು ನೋಡಿರಲಿಲ್ಲ.

"ಹತ್ತು ಮಂದಿ ನಿಮ್ಮ ಟೇಬಲ್ ಮ್ಯಾಲ ಮಲಗ್ತಾರ. ಎದ್ದು ಮನಿಗಿ ಹೋಗೋರು ಎಷ್ಟು?"

ಡಾಕ್ಟರ್ ಕೈ ಒತ್ತಿದರು, ಮತ್ತೊಮ್ಮೆ ಒತ್ತಿದರು. ಹತ್ತು. ಒಡನೆಯೇ ಬಾಯಿಬಿಟ್ಟು, "ಹತ್ತಕ್ಕ ಹತ್ತು ಅನ್ನಾಕ ಬರಂಗಿಲ್ಲ ಕಾಕಾ. ನಿಮ್ಮ ಲೆಕ್ಕದಾಗ ಅರ್ಧ ಬೆರಳಿಲ್ಲ. ನೂರು ಮಂದಿ ಮಲಗಿದ್ರ ಇಬ್ಬರು ಮೂವರು ಹೋಗ್ತಾರ" ಎಂದರು. ಹೆಬ್ಬೆರಳಿನ ಬುಡ ಮೆತ್ತಗೇ ಇತ್ತು.

"ಎದ್ದು ಹೋದ ಹತ್ತು ಮಂದಿಯೊಳಗ, ಐದು ವರ್ಷ ಈ ರೋಗ ಮತ್ತ ಬರಲಾರದವರು?"

ಇಡೀ ಕೈ ಒಂದು ಸಲ. ಐದು. ಮಚ್ಛೇಂದ್ರ ಕಸುಬಿನ ಹಟದಿಂದ ಮೇಲೊಂದು ಬೆರಳು ಹಿಡಿದು ಆರಕ್ಕೆ ಎಳೆದ. ಡಾಕ್ಟರ ಕೈ ಐದರಲ್ಲೇ ನಿಂತಿತು. ಏಳಕ್ಕೆ ಎಳೆದ. ನಿಂತಿತು. ಕೆಳಕ್ಕೆ, ನಾಲ್ಕಕ್ಕೆ ಮಡಿಸಲು ನೋಡಿದ; ಅದಕ್ಕೂ ಬಗ್ಗಲಿಲ್ಲ.

"ಇದು ಕೊನಿ ರೇಟೇನ್ರಿ?"

"ಮೊದಲಿಂದೂ ಇದೇ, ಕೊನೀದೂ ಇದೇ."

"ರೋಬೋದಿಂದ ಮಾಡಿದ್ರ ಇದು ಹೆಚ್ಚಾಗಂಗಿಲ್ಲಾ?"

ಡಾಕ್ಟರ್ ಅಂಗೈ ಬಿಚ್ಚಿ ಖಾಲಿ ತೋರಿಸಿದರು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. "ರೋಗದ ಮಟ್ಟಿಗೆ ಈವರೆಗೆ ನೋಡಿದಷ್ಟರಾಗ ಎರಡೂ ಒಂದೇ. ಹೊಟ್ಟಿ ಸೀಳಿ ಮಾಡಿದ್ರೂ ಅಷ್ಟೇ. ರಕ್ತ ಕಡಿಮಿ ಹೋಗ್ತದ, ನೋವು ಕಡಿಮಿ, ಲಗೂನ ಎದ್ದು ಓಡಾಡ್ತೀರಿ. ಅಷ್ಟೇ ಫರಕು. ಮತ್ತ, ನಡುವ ತೊಡಕಾದ್ರ ರೋಬೋ ಸರಿಸಿ ನಾನೇ ಕೈ ಹಾಕ್ತೀನಿ."

ಮಚ್ಛೇಂದ್ರ ಕೈ ಬಿಡದೆ ಅವರ ಮುಖ ನೋಡಿದ. ಇಷ್ಟು ವರ್ಷದ ಬಜಾರಿನಲ್ಲಿ, ನನ್ನ ಎತ್ತೂ ಪಕ್ಕದವನ ಎತ್ತೂ ಉಳುವುದರಲ್ಲಿ ಒಂದೇ ಎಂದು ಹೇಳಿದ ಮಾಲೀಕ ಅವನಿಗೆ ಸಿಕ್ಕಿರಲಿಲ್ಲ. ಇಂಥವನು ಬಜಾರಿಗೆ ಬಂದಿದ್ದರೆ ಹಾಳಾಗಿ ಹೋಗುತ್ತಿದ್ದ, ಡಾಕ್ಟರ್ ಆಗಿದ್ದೇ ಒಳ್ಳೆಯದಾಯಿತು. ಅವನು ಅಂಗೈಗೆ ಅಂಗೈ ತಟ್ಟಿದ. ಬಜಾರಿನಲ್ಲಿ ಹಾಗೆ ತಟ್ಟಿದರೆ ವ್ಯವಹಾರ ಮುಗಿದಂತೆ, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ.

ಹೊರಗೆ ಬಂದು "ಆಯ್ತು, ಮಾಡಸೂಣು" ಎಂದ. ಕೌಸಲ್ಯಾಬಾಯಿ ತಿಂಗಳ ಮೌನ ಮುರಿದು, "ಎಷ್ಟಂದ್ರು?" ಎಂದು ಕೇಳಿದಳು. ಮಚ್ಛೇಂದ್ರ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಹೈದರಾಬಾದಿನ ಆಸ್ಪತ್ರೆಯಲ್ಲಿ, ಆಪರೇಷನ್ನಿನ ದಿನ ಬೆಳಿಗ್ಗೆ, ಅವನನ್ನು ಹಸಿರು ಅಂಗಿ ತೊಡಿಸಿ ಗಾಲಿ ಮಂಚದ ಮೇಲೆ ಮಲಗಿಸಿದರು. ಟವೆಲ್ಲು ಒಳಗೆ ಒಯ್ಯುವಂತಿಲ್ಲ ಎಂದು ನರ್ಸು ಅದನ್ನು ಎರಡು ಬೆರಳಲ್ಲಿ ಹಿಡಿದು ಕೌಸಲ್ಯಾಬಾಯಿಗೆ ಕೊಟ್ಟಳು. ಅವಳು ಅದನ್ನು ಮಡಿಸಲಿಲ್ಲ. ಬಿಡಿಸಿ ಅವನ ಕೈ ಮೇಲೆ ಹಾಕಿ, ತನ್ನ ಕೈಯನ್ನು ಕೆಳಗೆ ತೂರಿಸಿದಳು.

"ಈಗ ಹೇಳ್ರಿ. ಹತ್ತಕ್ಕ ಎಷ್ಟು?"

ಆ ಟವೆಲ್ಲಿನ ಕೆಳಗೆ ಹೆಂಗಸಿನ ಕೈ ಬಂದದ್ದು ಅದೇ ಮೊದಲು. ರೊಟ್ಟಿ ಬಡಿದು ಬಡಿದು ಅಂಗೈ ಒರಟಾಗಿತ್ತು. ಇಷ್ಟು ವರ್ಷ ಜೊತೆಗಿದ್ದರೂ ಈ ಕೈಯನ್ನು ತಾನು ಸರಿಯಾಗಿ ಹಿಡಿದೇ ಇಲ್ಲ ಎಂದು ಮಚ್ಛೇಂದ್ರನಿಗೆ ಅನಿಸಿತು. ಅವನು ಇಡೀ ಕೈ ಒತ್ತಿದ. ಐದು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ, ಅವಳ ನಾಲ್ಕು ಬೆರಳನ್ನೂ ಒಟ್ಟಿಗೆ ಹಿಡಿದ. ಒಂಬತ್ತು.

"ಒಂಬತ್ತು?" ಎಂದಳು.

"ಒಂಬತ್ತು."

ಕೌಸಲ್ಯಾಬಾಯಿ ಸ್ವಲ್ಪ ಹೊತ್ತು ಕೈ ಹಾಗೇ ಇಟ್ಟುಕೊಂಡು, "ಛಲೋ ಆಯ್ತು ಬಿಡ್ರಿ" ಎಂದು ಹಿಂದಕ್ಕೆ ತೆಗೆದಳು. ಗಾಲಿ ಮಂಚ ಒಳಗೆ ಹೋಯಿತು.

ಆಪರೇಷನ್ ಹೇಳಿದ್ದಕ್ಕಿಂತ ಹೊತ್ತು ಹಿಡಿಯಿತು, ಆದರೆ ಸರಿಯಾಗಿ ಆಯಿತು. ರಕ್ತ ಕೊಡಲು ಬೀದರಿನಿಂದ ಬಸ್ಸು ಹತ್ತಿ ಬಂದಿದ್ದ ಸಲಾವೋದ್ದೀನನಿಗೆ, ರಕ್ತ ಬೇಕಾಗಲಿಲ್ಲ ಎಂದು ಕೇಳಿ ಅವಮಾನವೇ ಆಯಿತು. ಮರುದಿನವೇ ಮಚ್ಛೇಂದ್ರನನ್ನು ಎಬ್ಬಿಸಿ ನಡೆಸಿದರು. ವಾರದೊಳಗೆ ಮನೆಗೆ ಬಂದ. ಹೊಟ್ಟೆಯ ಮೇಲಿನ ಸಣ್ಣ ಗಾಯಗಳನ್ನು ನೋಡಲು ಬಂದವರಿಗೆ ನಿರಾಸೆಯಾಯಿತು. ಇಷ್ಟಕ್ಕೇ ಹೈದರಾಬಾದಿಗೆ ಹೋಗಬೇಕಿತ್ತೇ ಎಂದು ಕೇಳಿ ಚಹಾ ಕುಡಿದು ಹೋದರು. ಆ ವರ್ಷ ಮಳೆಯೂ ಬಿತ್ತು. ಕೀಲಿ ಬಿದ್ದ ಮನೆಗಳಲ್ಲಿ ಕೆಲವು ತೆರೆದವು, ಮಚ್ಛೇಂದ್ರ ಬೇವಿನ ಮರದ ಕೆಳಗೆ ಮತ್ತೆ ನಿಂತ. ದಿನಕ್ಕೊಂದು ಗುಳಿಗೆ, ಕೆಲವು ತಿಂಗಳಿಗೊಮ್ಮೆ ಸ್ಕ್ಯಾನಿಂಗು. ಪ್ರತಿ ಸಲ ಸ್ವಚ್ಛ ಎಂದರು. ಅವನು ಪ್ರತಿ ಸಲ ಒಳಗೊಳಗೇ ಬೆರಳು ಎಣಿಸಿದ. ಕೌಸಲ್ಯಾಬಾಯಿ ಏನೂ ಕೇಳಲಿಲ್ಲ.

ಎರಡು ವರ್ಷ ಕಳೆದು ಮತ್ತೆ ಬರ ಬಂತು. ಜನ ಮತ್ತೆ ದನ ಹೊಡೆದುಕೊಂಡು ಬಜಾರಿಗೆ ಬಂದರು, ಮತ್ತೆ ಮನೆಗಳಿಗೆ ಕೀಲಿ ಬಿತ್ತು. ಆ ಬೇಸಿಗೆಯ ಸ್ಕ್ಯಾನಿಂಗಿನಲ್ಲಿ, ಲಿವರಿನ ಹೊಸದಾಗಿ ಬೆಳೆದ ಕಡೆಯಲ್ಲಿ, ಹೆಸರುಬೇಳೆಗಿಂತ ತುಸು ದೊಡ್ಡ ಚುಕ್ಕೆ ಕಂಡಿತು.

ಗಾಂಧಿ ಗಂಜಿನ ಹಿಂದಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ವೈಜಿನಾಥರು ಅವನು ಕೇಳುವ ಮೊದಲೇ ಕೈ ಚಾಚಿದರು. ಲಗೂನ ಸಿಕ್ಕಿದೆ, ಸಣ್ಣದಿದೆ, ಸೂಜಿ ಹಾಕಿ ಸುಡಬಹುದು, ಕೊಯ್ಯುವುದು ಬೇಡ ಎಂದರು. ಆಮೇಲೆ ಟವೆಲ್ಲಿನ ಕೆಳಗೆ ಒಂದು ಅಂಕಿ ಕೊಟ್ಟರು. ಹೋದ ಸಲದ ಹಾಗೆಯೇ ಆ ಕೈ ಮೇಲಕ್ಕೂ ಸರಿಯಲಿಲ್ಲ, ಕೆಳಕ್ಕೂ ಸರಿಯಲಿಲ್ಲ.

ಕೌಸಲ್ಯಾಬಾಯಿ ಹೊರಗಿನ ಬೆಂಚಿನ ಮೇಲಿದ್ದಳು. ಅವನ ನಡಿಗೆ ನೋಡಿಯೇ ಅವಳಿಗೆ ತಿಳಿಯಿತು.

"ಮತ್ತ ಬಂದದ?"

"ಬಂದದ."

ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವನು ಕೂತ. ಗಂಜಿನ ಕಡೆಯಿಂದ ತೊಗರಿಯ ಧೂಳು ತೂರಿ ಬರುತ್ತಿತ್ತು, ಹಮಾಲರು ಲಾರಿಗೆ ಚೀಲ ಏರಿಸುತ್ತ ಕೂಗುತ್ತಿದ್ದರು.

"ನಿನಗ ಒಂಬತ್ತು ಅಂದಿದ್ದೆ" ಎಂದ ಮಚ್ಛೇಂದ್ರ. "ಅವರು ಕೊಟ್ಟಿದ್ದು ಐದು."

"ಒಂಬತ್ತು ಸುಳ್ಳಂತ ಗೊತ್ತದ."

"ಏಕನಾಥ ಹೇಳಿದ್ನಾ?"

"ಅಂವ ಯಾಕ ಹೇಳ್ತಾನ? ನಿಮ್ಮ ಮಗ ಅಲ್ಲಾ. ನಿಮ್ಮ ಹೆಬ್ಬೆರಳಿನ ಬುಡ ಅವತ್ತೇ ಹೇಳ್ತು, ಕಲ್ಲಿನಂಗ ಗಟ್ಟಿ ಆಗಿತ್ತು. ಗುಟ್ಟು ಹೇಳಿಕೊಟ್ಟವರು ನೀವೇ ಅಲ್ಲೇನ್ರಿ?"

ಮಚ್ಛೇಂದ್ರ ತಲೆ ತಗ್ಗಿಸಿದ. ಭಾಲ್ಕಿಯ ಬಜಾರಿನಲ್ಲಿ ಅವನ ಕೈ ಓದಿ ಗೆದ್ದವರು ಒಬ್ಬರೂ ಇರಲಿಲ್ಲ.

"ಮತ್ತ ಅವತ್ತ ಯಾಕ ಸುಮ್ಮ ಇದ್ದಿ?"

"ನನಗ ಮೊದಲನೇ ಸಲ ರೇಟ್ ಹೇಳಿದ್ರಿ. ಒಳಗ ಹೋಗೋ ಮನಷ್ಯಾನ ಸಂಗಟ ಚೌಕಾಶಿ ಏನ್ ಮಾಡ್ಲಿ ಅಂತ ಬಿಟ್ಟೆ." ಅವಳ ಕಣ್ಣು ತುಂಬಿತು, ದನಿ ಮಾತ್ರ ಹಾಗೇ ಇತ್ತು. "ಎರಡ ವರ್ಷ ಐದೋ, ನಾಕೋ, ಮೂರೋ ಅಂತ ಒಬ್ಬಾಕಿನೇ ಎಣಿಸಿ ಎಣಿಸಿ ಸಾಕಾಯ್ತು ನನಗ."

ತಾನು ಒಬ್ಬನೇ ಎಣಿಸುತ್ತಿದ್ದೇನೆ ಎಂದು ಮಚ್ಛೇಂದ್ರ ತಿಳಿದಿದ್ದ. ಅದೇ ಮನೆಯಲ್ಲಿ, ಒಲೆಯ ಆ ಕಡೆ ಕೂತು, ಅವಳೂ ಎಣಿಸುತ್ತಿದ್ದಳು ಎಂಬುದು ರೋಗ ಮರಳಿದ ಸುದ್ದಿಗಿಂತ ಜೋರಾಗಿ ಬಡಿಯಿತು.

ಕೌಸಲ್ಯಾಬಾಯಿ ಅವನ ಹೆಗಲಿನ ಟವೆಲ್ಲು ಎಳೆದು ಇಬ್ಬರ ನಡುವೆ ಹಾಸಿ, ಕೈ ಕೆಳಗಿಟ್ಟಳು. ಅವನು ಹಿಡಿದ. ಡಾಕ್ಟರ್ ಕೊಟ್ಟ ಅಂಕಿಯನ್ನೇ ಕೊಟ್ಟ, ಒಂದು ಬೆರಳೂ ಸೇರಿಸಲಿಲ್ಲ. ಅವಳ ಹೆಬ್ಬೆರಳು ಮೆಲ್ಲಗೆ ಅವನ ಹೆಬ್ಬೆರಳಿನ ಬುಡಕ್ಕೆ ಬಂದು ಒತ್ತಿ ನೋಡಿತು. ಅಲ್ಲಿ ಮೆತ್ತಗಿತ್ತು.

ಅವಳು ಅಂಗೈಗೆ ಅಂಗೈ ತಟ್ಟಿದಳು. "ಏಳ್ರಿ, ಔರಾದ ಬಸ್ ಹೋಗ್ತದ" ಎಂದಳು. ಬಸ್ ಸ್ಟ್ಯಾಂಡಿನವರೆಗೂ ಇಬ್ಬರೂ ಟವೆಲ್ಲಿನ ಕೆಳಗಿನ ಕೈ ಬಿಡದೆ ನಡೆದರು. ಗಂಜಿನ ಹಮಾಲರು ನೋಡಿ, ಈ ಮುದುಕ ಮುದುಕಿ ನಡುರಸ್ತೆಯಲ್ಲಿ ಅದೇನು ವ್ಯಾಪಾರ ಕುದುರಿಸುತ್ತಿದ್ದಾರೋ ಎಂದುಕೊಂಡರು.